ಹೈದರಾಬಾದಿನಲ್ಲಿ ಪುಕ್ಕಟೆ ಸಿನಿಮಾ: ಒಂದು ಅಭ್ಯಾಸ

ಸಿನಿಮಾ ಅಂದರೆ ಟಿಕೆಟ್ಟು, ಟಿಕೆಟ್ಟು ಅಂದರೆ ರೊಕ್ಕ. ಇದು ನಮಗೆಲ್ಲ ಗೊತ್ತಿರುವ ಲೆಕ್ಕ. ಆದರೆ ಈ ಊರಿನಲ್ಲಿ ರೊಕ್ಕ ಕೊಡದೆ, ಕದ್ದ ಪ್ರತಿಯನ್ನೂ ನೋಡದೆ, ಒಳ್ಳೆಯ ಚಿತ್ರಗಳನ್ನು ನೋಡುವ ದಾರಿಗಳು ಉಂಟು. ವಾಣಿಜ್ಯ ವಿಭಾಗದ ನಮಗೆ ಮೊದಲ ವರ್ಷವೇ ಕಲಿಸುವ ಪಾಠ ಒಂದಿದೆ: ಒಂದು ಕಡೆ ಜಮಾ ಇದ್ದರೆ ಇನ್ನೊಂದು ಕಡೆ ಖರ್ಚು ಇದ್ದೇ ಇರಬೇಕು. ಪುಕ್ಕಟೆ ಸಿನಿಮಾಕ್ಕೂ ಈ ನಿಯಮ ತಪ್ಪಿದ್ದಲ್ಲ. ಖರ್ಚಿನ ಕಡೆ ಯಾರ ಹೆಸರಿದೆ ಅಂತ ನೋಡಿದರೆ ಎಲ್ಲಿ ಹೋಗಬೇಕು, ಹೇಗೆ ನಡೆದುಕೊಳ್ಳಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

1. ಮೊದಲು ಟಿಕೆಟ್ಟಿನ ಲೆಕ್ಕ

2021ರ ಡಿಸೆಂಬರಿನಲ್ಲಿ ತೆಲಂಗಾಣ ಸರ್ಕಾರ ಹೊರಡಿಸಿದ ಆದೇಶ ಎ.ಸಿ. ಥಿಯೇಟರುಗಳಿಗೆ ಕನಿಷ್ಠ 50, ಗರಿಷ್ಠ 150 ರೂಪಾಯಿ ಎಂದೂ, ಮಲ್ಟಿಪ್ಲೆಕ್ಸುಗಳಿಗೆ ಕನಿಷ್ಠ 100, ಗರಿಷ್ಠ 250 ಎಂದೂ ದರ ಕಟ್ಟಿತು. ತೆರಿಗೆ ಇದರ ಮೇಲೆ. ದೊಡ್ಡ ಚಿತ್ರಗಳಿಗೆ ಮೊದಲ ದಿನಗಳಲ್ಲಿ ಇನ್ನೂ ಏರಿಸಲು ಬೇರೆ ಅನುಮತಿ ಸಿಗುತ್ತ ಬಂದಿದೆ. ಆದ್ದರಿಂದ ಮೊದಲ ಸೂತ್ರ: ಮೊದಲ ವಾರ ತಡೆದುಕೊಳ್ಳಿ.

ಎರಡನೆಯ ಸೂತ್ರ ಜಿ.ಎಸ್.ಟಿ.ಯದು. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿಗೆ ತೆರಿಗೆ ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ಅದಕ್ಕಿಂತ ಮೇಲಿನದಕ್ಕೆ 18 ಹಾಗೇ ಉಳಿಯಿತು. ಅಂದರೆ 100ರ ಟಿಕೆಟ್ಟು 105 ಆದರೆ 150ರದು 177 ಆಗುತ್ತದೆ. ಆರ್.ಟಿ.ಸಿ. ಕ್ರಾಸ್ ರೋಡ್ಸಿನಂಥ ಕಡೆ ಪರದೆಗೆ ಹತ್ತಿರದ ಸಾಲು ಕೇಳಿದವನಿಗೆ ದರವೂ ಕಡಿಮೆ, ತೆರಿಗೆಯೂ ಕಡಿಮೆ. ಕುತ್ತಿಗೆ ಸ್ವಲ್ಪ ನೋಯುತ್ತದೆ, ಅಷ್ಟೇ.

2. ಸದಸ್ಯರ ಖರ್ಚಿನಲ್ಲಿ

1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮೊದಲಾದವರು ಕಲಕತ್ತೆಯಲ್ಲಿ ಫಿಲ್ಮ್ ಸೊಸೈಟಿ ಕಟ್ಟಿದರು. 1959ರಲ್ಲಿ ದೇಶದ ಇಂಥ ಸೊಸೈಟಿಗಳ ಒಕ್ಕೂಟವಾಯಿತು. ರಾಯ್ ಅದರ ಅಧ್ಯಕ್ಷರಾದರು. ಪದ್ಧತಿ ಸರಳ. ಸದಸ್ಯರು ಚಂದಾ ಕೊಡುತ್ತಾರೆ. ಆ ದುಡ್ಡಿನಲ್ಲಿ ಹಾಲ್ ಬಾಡಿಗೆ, ಚಿತ್ರ ತರಿಸುವ ಖರ್ಚು. ರಾಯಭಾರ ಕಚೇರಿಗಳಿಂದ, 1964ರಲ್ಲಿ ಪುಣೆಯಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ ಚಿತ್ರಗಳು ಎರವಲು ಬರುತ್ತಿದ್ದವು. ಸದಸ್ಯರಿಗಷ್ಟೇ ತೋರಿಸುವ ಚಿತ್ರಗಳಿಗೆ ಸೆನ್ಸಾರ್ ಪ್ರಮಾಣಪತ್ರದಿಂದ ಸರ್ಕಾರ ವಿನಾಯಿತಿ ಕೊಡುತ್ತ ಬಂದಿದೆ. ಅದಕ್ಕೇ ಇಂಥ ಪ್ರದರ್ಶನಗಳಲ್ಲಿ ಹೊರಗಿನವರ ವಿಷಯದಲ್ಲಿ ಕಟ್ಟುನಿಟ್ಟು ಇರುತ್ತದೆ. ಬಾಗಿಲಲ್ಲಿ ತಡೆದರೆ ಸಿಟ್ಟಾಗಬಾರದು.

ನಮ್ಮೂರಲ್ಲಿ ಈ ಪರಂಪರೆ ಹಳೆಯದು. ತಿರುಮಲಗಿರಿಯಲ್ಲಿ 1934ರಲ್ಲಿ ಹುಟ್ಟಿದ ಶ್ಯಾಮ್ ಬೆನಗಲ್ ಉಸ್ಮಾನಿಯಾದಲ್ಲಿ ಅರ್ಥಶಾಸ್ತ್ರ ಓದುವಾಗಲೇ ಹೈದರಾಬಾದ್ ಫಿಲ್ಮ್ ಸೊಸೈಟಿ ಶುರು ಮಾಡಿದರು. ಅದೇ ಬೆನಗಲ್ 1974ರಲ್ಲಿ ತೆಲಂಗಾಣದ ಹಳ್ಳಿಯ ಕತೆಯಾದ 'ಅಂಕುರ್' ತೆಗೆದಾಗ ನಮ್ಮ ಅನಂತನಾಗ್ ಅದರಲ್ಲಿ ಜಮೀನುದಾರನ ಮಗನಾದರು. ಇದನ್ನು ಯಾಕೆ ಹೇಳಿದೆ ಅಂದರೆ, ಅರ್ಥಶಾಸ್ತ್ರ ವಾಣಿಜ್ಯ ಓದುವವರಿಗೆ ಸಿನಿಮಾದ ಗೊಡವೆ ಯಾಕೆ ಅಂತ ಕೇಳುವವರಿಗೆ ಉತ್ತರ ಬೇಕಲ್ಲ.

ಈಗ ಹೆಸರಿಸಬೇಕಾದದ್ದು ಹೈದರಾಬಾದ್ ಫಿಲ್ಮ್ ಕ್ಲಬ್. ಅಮೀರ್‌ಪೇಟೆಯ ಸಾರಥಿ ಸ್ಟುಡಿಯೋದ ಪ್ರಿವ್ಯೂ ಥಿಯೇಟರಿನಲ್ಲಿ ಅದು ಎಷ್ಟೋ ದೇಶಗಳ ಚಿತ್ರಗಳನ್ನು ತೋರಿಸಿದೆ. ಸದಸ್ಯತ್ವದ ಚಂದಾವನ್ನು ವರ್ಷದ ಪ್ರದರ್ಶನಗಳಿಂದ ಭಾಗಿಸಿ ನೋಡ್ರಿ, ಒಂದು ಚಿತ್ರಕ್ಕೆ ಎಷ್ಟು ಬೀಳುತ್ತದೆ ಅಂತ ಗೊತ್ತಾಗುತ್ತದೆ. ವರ್ಷಕ್ಕೆ ಎರಡೇ ಸಲ ಹೋಗುವವನಿಗೆ ಅದೇ ದುಬಾರಿ.

3. ಪರದೇಶದ, ಸರ್ಕಾರದ ಖರ್ಚಿನಲ್ಲಿ

ಜರ್ಮನ್ ಕಲಿಸುವ ಗೋಯೆಟೆ ಜೆಂತ್ರುಮ್, ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾನ್ಸೇಸ್ ಎರಡೂ ಆಗಾಗ ತಮ್ಮ ಭಾಷೆಯ ಚಿತ್ರಗಳನ್ನು ಪುಕ್ಕಟೆ ತೋರಿಸುತ್ತವೆ. ಜನ ತಮ್ಮ ಭಾಷೆಗೆ ಹತ್ತಿರವಾಗಲಿ ಎಂಬುದು ಅವರ ಲೆಕ್ಕ. ಭಾಷೆ ಬಾರದಿದ್ದರೂ ಕೆಳಗೆ ಇಂಗ್ಲಿಷ್ ಅಕ್ಷರ ಸಾಮಾನ್ಯವಾಗಿ ಇರುತ್ತದೆ. ಕನ್ನಡ ಶಾಲೆಯಿಂದ ಬಂದವರಿಗೆ ಓಡುವ ಅಕ್ಷರ ಓದುವುದು ಮೊದಲ ಅರ್ಧ ಗಂಟೆ ಕಷ್ಟ. ಮೂರನೆಯ ಚಿತ್ರದ ಹೊತ್ತಿಗೆ ಕಣ್ಣು ಪಳಗುತ್ತದೆ, ಇಂಗ್ಲಿಷೂ ಸುಧಾರಿಸುತ್ತದೆ. ಇದು ಲೆಕ್ಕದಲ್ಲಿ ಕಾಣದ ಲಾಭ.

ಟಾಗೋರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿದ ರವೀಂದ್ರ ಭಾರತಿಯಲ್ಲಿ ಪೈಡಿ ಜಯರಾಜ್ ಪ್ರಿವ್ಯೂ ಥಿಯೇಟರು ಇದೆ. ಜಯರಾಜ್ ಮೂಕಿಚಿತ್ರಗಳ ಕಾಲದಲ್ಲೇ ಮುಂಬಯಿಗೆ ಹೋಗಿ ನಾಯಕನಾದ ಕರೀಂನಗರದವರು. ರಾಜ್ಯದ ಭಾಷಾ ಸಂಸ್ಕೃತಿ ಇಲಾಖೆಯವರು 'ಸಿನಿವಾರಂ' ಎಂಬ ಹೆಸರಿನಲ್ಲಿ ಶನಿವಾರಗಳಂದು ಹೊಸಬರ ಕಿರುಚಿತ್ರಗಳನ್ನು ತೋರಿಸುವ ಪದ್ಧತಿ ಹಾಕಿದ್ದು ಇಲ್ಲೇ. ಇಲ್ಲಿನ ಖರ್ಚು ತೆರಿಗೆಯ ದುಡ್ಡಿನದು, ಅಂದರೆ ನಮ್ಮದೇ.

4. ಸ್ನೇಹಿತರ ಖರ್ಚಿನಲ್ಲಿ

ಬಂಜಾರಾ ಹಿಲ್ಸ್‌ನ ಲಾಮಕಾನ್ 2010ರಲ್ಲಿ ಆರಂಭವಾಯಿತು. ಅದು ಒಂದು ಹಳೆಯ ಮನೆ; ಅಂಗಳ, ಬಂಡೆ, ಮರ, ಚಹಾ ಎಲ್ಲ ಇವೆ. ನಾಟಕ, ಚರ್ಚೆ, ಸಂಗೀತದ ಜೊತೆಗೆ ಸಾಕ್ಷ್ಯಚಿತ್ರಗಳನ್ನೂ ತೋರಿಸುತ್ತಾರೆ. ಚಿತ್ರ ಮುಗಿದ ಮೇಲೆ ಅದನ್ನು ತೆಗೆದವರೇ ಎದುರಿಗೆ ಕೂತು ಉತ್ತರ ಹೇಳುವುದುಂಟು. ಆಗ ಎದ್ದು ಹೋಗಬಾರದು. ಪ್ರಶ್ನೆ ಕೇಳುವುದೇ ಅಲ್ಲಿಯ ಟಿಕೆಟ್ಟು.

ಒಂದು ಎಚ್ಚರಿಕೆ. ಪುಕ್ಕಟೆ ಚಿತ್ರ ನೋಡಿ ಕೊನೆಯ ಬಸ್ಸು ತಪ್ಪಿದರೆ ಆಟೋದವರಿಗೆ ಕೊಡುವ ರೊಕ್ಕದಲ್ಲಿ ಎರಡು ಟಿಕೆಟ್ಟು ಬಂದಾವು. ಬಸ್ ಪಾಸ್ ಇರುವವರು ವಾಪಸು ಬರುವ ಬಸ್ಸಿನ ವೇಳೆಯನ್ನು ಮೊದಲೇ ನೋಡಿಕೊಳ್ಳಬೇಕು. ಕಾರ್ಯಕ್ರಮ ಬದಲಾಗುವುದುಂಟು, ಹಿಂದಿನ ದಿನ ಫೋನ್ ಮಾಡಿ ಕೇಳಬೇಕು. ಜಾಗ ಸೀಮಿತ, ಅರ್ಧ ಗಂಟೆ ಮೊದಲೇ ಹೋಗಬೇಕು.

5. ನಮ್ಮದೇ ಖರ್ಚಿನಲ್ಲಿ

ಇಷ್ಟೆಲ್ಲ ಪಟ್ಟಿಯಲ್ಲಿ ಕನ್ನಡ ಎಲ್ಲಿ? ಜರ್ಮನ್ನರು ಜರ್ಮನ್ ತೋರಿಸುತ್ತಾರೆ, ಫ್ರೆಂಚರು ಫ್ರೆಂಚ್ ತೋರಿಸುತ್ತಾರೆ. ಕನ್ನಡ ಚಿತ್ರ ತೋರಿಸಬೇಕಾದವರು ನಾವೇ ಅಲ್ಲವೇ?

ವಾಣಿಜ್ಯ ಕಾನೂನು ಓದುವವರು ಗಮನಿಸಬೇಕಾದ ಸಂಗತಿ ಇದು. ಸಾಮಾನ್ಯವಾಗಿ ಚಿತ್ರವನ್ನು ಸಾರ್ವಜನಿಕವಾಗಿ ತೋರಿಸಲು ಹಕ್ಕುದಾರರ ಅನುಮತಿ ಬೇಕು. ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಒಂದು ಬಾಗಿಲು ತೆರೆದಿಟ್ಟಿದೆ. ವಿದ್ಯಾಸಂಸ್ಥೆಯ ಚಟುವಟಿಕೆಯ ಅಂಗವಾಗಿ, ಅಲ್ಲಿನ ಅಧ್ಯಾಪಕರು, ವಿದ್ಯಾರ್ಥಿಗಳು, ಅವರ ತಂದೆತಾಯಿ ಪೋಷಕರು ಮತ್ತು ಆ ಚಟುವಟಿಕೆಗೆ ಸಂಬಂಧಪಟ್ಟವರಿಗಷ್ಟೇ ಚಿತ್ರ ತೋರಿಸಿದರೆ ಅದು ಉಲ್ಲಂಘನೆಯಾಗದು. ಪ್ರತಿ ಮಾತ್ರ ನ್ಯಾಯವಾಗಿ ಕೊಂಡದ್ದಿರಬೇಕು, ಹೊರಗಿನವರಿಗೆ ಬಾಗಿಲು ತೆರೆಯಬಾರದು. ಕಾಲೇಜಿನಲ್ಲಿ ಪ್ರೊಜೆಕ್ಟರ್ ಇದೆ, ಗೋಡೆ ಇದೆ. ಪ್ರಾಂಶುಪಾಲರಿಗೆ ಒಂದು ಅರ್ಜಿ, ಒಬ್ಬ ಮೇಷ್ಟ್ರ ಜವಾಬ್ದಾರಿ ಸಾಕು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಕಡೆ ಎಲ್ಲರಿಗೂ ತೋರಿಸಬೇಕೆಂದರೆ ಆಗ ಹಕ್ಕುದಾರರ ಪತ್ರ ಬೇಕೇ ಬೇಕು.

ಮೊದಲ ಚಿತ್ರ ಯಾವುದು? ನನ್ನ ಸಲಹೆ 1970ರ 'ಸಂಸ್ಕಾರ'. ಅನಂತಮೂರ್ತಿಯವರ ಕಾದಂಬರಿ, ರಾಷ್ಟ್ರದ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆದ ಮೊದಲ ಕನ್ನಡ ಚಿತ್ರ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನವರು, ನೆಲ್ಲೂರಿನವರು. ನಮ್ಮ ಕ್ಲಾಸಿನ ತೆಲುಗು ಗೆಳೆಯರನ್ನು ಕರೆದು ಕೂರಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು. ಅವರೂ ಇದೇ ಕಾಲೇಜಿನ ವಿದ್ಯಾರ್ಥಿಗಳಾದ್ದರಿಂದ ಕಾನೂನಿನ ತಕರಾರೂ ಇಲ್ಲ.

ಬೇರೆಯವರ ಖರ್ಚಿನಲ್ಲಿ ನಾಲ್ಕು ಚಿತ್ರ ನೋಡಿದವರು ಐದನೆಯದನ್ನು ತಾವು ತೋರಿಸಬೇಕು. ಆಗ ಜಮಾ-ಖರ್ಚು ಸರಿಹೋಗುತ್ತದೆ. ಮುಂದಿನ ಸಂಘದ ಸಭೆಯಲ್ಲಿ ಈ ವಿಷಯ ಎತ್ತುವವನಿದ್ದೇನೆ. ಅರ್ಜಿಗೆ ಸಹಿ ಹಾಕಲು ಪೆನ್ನು ತನ್ನಿ.