ಕಾವಲು ಕ್ಯಾಮೆರಾಕ್ಕೂ ನೆರಳು ಬೇಕು

ಮನೆಗೆ ಬೀಗ ಹಾಕಿ ಹೊರಟವರು ಈಚೆಗೆ ಹೆಚ್ಚಾಗಿ ನಂಬಿರುವುದು ಗೋಡೆಯ ಮೇಲಣ ಕಾವಲು ಕ್ಯಾಮೆರಾವನ್ನು. ಆದರೆ ವಿಜಯಪುರದಂಥ ಊರಿನಲ್ಲಿ ಏಪ್ರಿಲ್-ಮೇ ತಿಂಗಳ ಇಳಿಹಗಲಿನಲ್ಲಿ, ಬೀದಿಯಲ್ಲಿ ನರಪಿಳ್ಳೆಯೂ ಸುಳಿಯದ ಹೊತ್ತಿನಲ್ಲಿಯೇ, ಆ ಕಣ್ಣು ಮುಚ್ಚಿಕೊಳ್ಳುವುದುಂಟು. ಮೊದಲು ಚಿತ್ರದ ಮೇಲೆ ಮರಳು ಚೆಲ್ಲಿದಂತೆ ಚುಕ್ಕೆಗಳು ಮೂಡುತ್ತವೆ. ಅನಂತರ ಚಿತ್ರವು ತಡೆತಡೆದು ಬರುತ್ತದೆ. ಕೊನೆಗೆ ಏನೂ ಕಾಣದಾಗುತ್ತದೆ. ಹೊತ್ತು ಮುಳುಗಿದ ಮೇಲೆ ಯಾರೂ ಮುಟ್ಟದೆಯೇ ಎಲ್ಲವೂ ಸರಿಹೋಗುತ್ತದೆ. ಸಂಜೆ ತಂಪಿನಲ್ಲಿ ಬಂದ ರಿಪೇರಿಯವನು "ಏನೂ ಕೆಟ್ಟಿಲ್ಲವಲ್ಲ!" ಎಂದರೆ ಅವನನ್ನು ದೂರುವಂತಿಲ್ಲ.

ಹೊರಾಂಗಣಕ್ಕೆಂದು ತಯಾರಾದ ಕ್ಯಾಮೆರಾಗಳು ಸಾಮಾನ್ಯವಾಗಿ 50 ಅಥವಾ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡುತ್ತವೆಂದು ಅವುಗಳ ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ. ವಿಜಯಪುರದ ಬೇಸಗೆಯಾದರೋ 40 ಡಿಗ್ರಿಯ ಆಸುಪಾಸಿನದು. ಹಾಗಿರಲು ಕ್ಯಾಮೆರಾ ಏಕೆ ಸೋಲಬೇಕು? ಪತ್ರಿಕೆಯಲ್ಲಿ ಅಚ್ಚಾಗುವ 40 ಡಿಗ್ರಿ ಬಿಸಿಲಿನದಲ್ಲ, ನೆರಳಿನಲ್ಲಿರುವ ಗಾಳಿಯದು. ಹವಾಮಾನ ವೀಕ್ಷಕರು ಉಷ್ಣತಾಮಾಪಕವನ್ನು ಬಿಳಿಯ ಬಣ್ಣ ಬಳಿದ, ಸುತ್ತಲೂ ಓರೆ ಪಟ್ಟಿಗಳುಳ್ಳ ಮರದ ಪೆಟ್ಟಿಗೆಯಲ್ಲಿಟ್ಟು ಅಳೆಯುತ್ತಾರೆ. 19ನೆಯ ಶತಮಾನದಲ್ಲಿ ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್ಸನ್ ರೂಪಿಸಿದ ಪೆಟ್ಟಿಗೆ ಅದು. ಬಿಸಿಲು ಒಳಗೆ ಬಾರದಂತೆ, ಗಾಳಿ ಮಾತ್ರ ಆಡುವಂತೆ ಮಾಡುವುದೇ ಅದರ ಗುಟ್ಟು. ನಾವು ಉಷ್ಣತಾಮಾಪಕಕ್ಕೆ ಕೊಟ್ಟ ಈ ಸೌಕರ್ಯವನ್ನು ಕ್ಯಾಮೆರಾಕ್ಕೆ ಕೊಡುವುದಿಲ್ಲ.

ಬಿಸಿಲಿನ ಪಾಲೆಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ನೆತ್ತಿಯ ಮೇಲಣ ಸೂರ್ಯನು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಕ್ತಿಯನ್ನು ಸುರಿಸುತ್ತಾನೆ. 7 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದದ ಕ್ಯಾಮೆರಾದ ಬೆನ್ನಿಗೆ ಅದರಲ್ಲಿ 10 ವ್ಯಾಟಿನಷ್ಟು ಬೀಳುತ್ತದೆ. ಕವಚ ಕಪ್ಪಾಗಿದ್ದರೆ ಬಹುಮಟ್ಟಿಗೆ ಅಷ್ಟನ್ನೂ ಹೀರಿಕೊಳ್ಳುತ್ತದೆ. ಶುಭ್ರವಾದ ಬಿಳುಪಾಗಿದ್ದರೆ ಎರಡು ಮೂರು ವ್ಯಾಟ್ ಮಾತ್ರ. ಇಂಥ ಕ್ಯಾಮೆರಾ ಹಗಲಿನಲ್ಲಿ ಬಳಸುವ ವಿದ್ಯುತ್ತು ಸುಮಾರು 5 ವ್ಯಾಟ್. ಎಂದರೆ ಕರಿಯ ಕ್ಯಾಮೆರಾಕ್ಕೆ ತನ್ನ ಕೆಲಸದಿಂದ ಹುಟ್ಟುವ ಶಾಖಕ್ಕಿಂತ ಬಿಸಿಲಿನಿಂದ ಬರುವುದೇ ಹೆಚ್ಚಾಯಿತು! ಮಳೆನೀರು ಹೊಗದಂತೆ ಬಿಗಿಯಾಗಿ ಮುಚ್ಚಿದ ಕವಚದೊಳಗೆ ಗಾಳಿಯಾಡುವುದಿಲ್ಲವಾದುದರಿಂದ ಒಳಗಿನ ಚಿಪ್ಪು ಹೊರಮೈಗಿಂತ ಯಾವಾಗಲೂ ಬಿಸಿಯಾಗಿರುತ್ತದೆ. ಚಿತ್ರ ಹಿಡಿಯುವ ಸಂವೇದಕದಲ್ಲಿ, ಬೆಳಕು ಬೀಳದಿದ್ದರೂ ಹರಿಯುವ ಒಂದು ಕಿರುವಿದ್ಯುತ್ತಿದೆ. ಅದು 6ರಿಂದ 8 ಡಿಗ್ರಿ ಏರಿದಾಗಲೆಲ್ಲ ಇಮ್ಮಡಿಯಾಗುತ್ತದೆ. ಮೊದಲು ಹೇಳಿದ ಮರಳಿನ ಚುಕ್ಕೆಗಳು ಇದರ ಫಲ.

ಆದರೆ ಕ್ಯಾಮೆರಾ ನಿಂತುದಕ್ಕೆಲ್ಲ ಶಾಖವೇ ಕಾರಣವಲ್ಲ. ಅದು ನಿಲ್ಲುವ ವೇಳೆಯನ್ನು ಮೂರು ನಾಲ್ಕು ದಿನ ಬರೆದಿಟ್ಟುಕೊಳ್ಳಬೇಕು. ರಾತ್ರಿ, ಕಣ್ಣಿಗೆ ಕಾಣದ ಅವಕೆಂಪು ದೀಪಗಳು ಹೊತ್ತಿಕೊಂಡೊಡನೆ ನಿಂತರೆ ದೋಷವು ತಂತಿಯಲ್ಲಿಯೋ ಅಡಾಪ್ಟರಿನಲ್ಲಿಯೋ ಇರುವುದು ಸಂಭವನೀಯ. 12 ವೋಲ್ಟಿನ ವಿದ್ಯುತ್ತನ್ನು ತೆಳುವಾದ ತಂತಿಯಲ್ಲಿ 50 ಮೀಟರ್ ದೂರ ಒಯ್ದರೆ ದಾರಿಯಲ್ಲಿಯೇ ಎರಡು ಮೂರು ವೋಲ್ಟು ಸೋರಿಹೋಗಬಹುದು. ಇಳಿಹಗಲಿನಲ್ಲಿ ನಿಂತರೆ ಶಾಖದ ಮೇಲೆ ಸಂಶಯ ಪಡಬೇಕು. ಮರುದಿನ ಒಂದು ರಟ್ಟನ್ನು ಕ್ಯಾಮೆರಾಕ್ಕೆ ತಾಗದಂತೆ ಅಡ್ಡ ಕಟ್ಟಿ ನೆರಳು ಮಾಡಿ. ಅಂದು ಅದು ನಿಲ್ಲದಿದ್ದರೆ ರೋಗವೂ ಮದ್ದೂ ಒಟ್ಟಿಗೆ ತಿಳಿದಂತಾಯಿತು.

ಇನ್ನು ಗೋಡೆಯ ಆಯ್ಕೆ. ಉತ್ತರದ ಗೋಡೆಗೆ ಬಿಸಿಲೇ ಬೀಳದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಿಜಯಪುರವು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ 7ರ ಸುಮಾರಿಗೆ ನಡುಹಗಲಿನ ಸೂರ್ಯನು ಇಲ್ಲಿ ಸರಿಯಾಗಿ ನೆತ್ತಿಗೆ ಬರುತ್ತಾನೆ. ಅಲ್ಲಿಂದ ಆಗಸ್ಟ್ 5ರ ಸುಮಾರಿನವರೆಗೆ ಇಡೀ ದಿನ ಉತ್ತರದ ಕಡೆಗೇ ಇರುತ್ತಾನೆ. ಆದುದರಿಂದ ಚಳಿಗಾಲದಲ್ಲಿ ನೆರಳು ಕಂಡು ಉತ್ತರದ ಗೋಡೆಗೆ ಕ್ಯಾಮೆರಾ ಬಿಗಿದವರು ಬೇಸಗೆಯಲ್ಲಿ ಮೋಸ ಹೋಗುತ್ತಾರೆ. ಎಲ್ಲಕ್ಕಿಂತ ಕಷ್ಟದ್ದು ಪಶ್ಚಿಮದ ಗೋಡೆ. ಗಾಳಿ ಅತ್ಯಂತ ಕಾದಿರುವ ಹೊತ್ತಿಗೇ ಅಲ್ಲಿ ಓರೆಬಿಸಿಲು ಸಜ್ಜಾದ ಕೆಳಗೆ ನುಗ್ಗುತ್ತದೆ. ಮೇ ತಿಂಗಳಲ್ಲಿ ಒಂದು ಅಡಿ ಅಗಲದ ಸಜ್ಜಾದ ನೆರಳು ಆ ಗೋಡೆಯ ಮೇಲೆ 4 ಗಂಟೆಗೆ ಮುಕ್ಕಾಲು ಅಡಿಯಷ್ಟು, 5 ಗಂಟೆಗೆ ಅರ್ಧ ಅಡಿಗಿಂತಲೂ ಕಡಿಮೆ ಇಳಿಯುತ್ತದೆ. ಇಬ್ರಾಹಿಂ ರೋಜಾದ ಕಲ್ಲಿನ ಸೂರು ಅಷ್ಟು ಮುಂದೆ ಚಾಚಿರುವುದು ಅಂದಕ್ಕಾಗಿ ಮಾತ್ರವಲ್ಲವೆಂದು ನಮಗನಿಸುತ್ತದೆ. ಸಾಧ್ಯವಿದ್ದರೆ ಪೂರ್ವದ ಗೋಡೆಯೇ ಲೇಸು; ಅಲ್ಲಿ ಬಿಸಿಲು ಬೀಳುವುದು ಗಾಳಿ ಇನ್ನೂ ತಂಪಾಗಿರುವಾಗ.

ಗೋಡೆ ಬದಲಿಸಲಾಗದಿದ್ದರೆ ಏನು ಮಾಡಬೇಕೆಂಬುದನ್ನು ತಿಕೋಟಾದ ಕಡೆಯ ಒಣದ್ರಾಕ್ಷಿಯ ಶೆಡ್ಡುಗಳು ಕಲಿಸುತ್ತವೆ. ಅಲ್ಲಿ ದ್ರಾಕ್ಷಿಯನ್ನು ಬಿಸಿಲಿಗೆ ಹರಡುವುದಿಲ್ಲ. ಮೇಲೆ ಹೊದಿಕೆ, ಬದಿಗಳಲ್ಲಿ ಗಾಳಿಯಾಡುವ ನೆರಳುಬಲೆ, ನಡುವೆ ಅಂತಸ್ತು ಅಂತಸ್ತಾಗಿ ಬಲೆಯ ಹಾಸು. ಕ್ಯಾಮೆರಾಕ್ಕೂ ಅಂಥದೇ ಮಾಡು ಬೇಕು. ತೆಳುವಾದ ತಗಡಿಗೆ ಬಿಳಿಯ ಬಣ್ಣ ಬಳಿದು, ಕ್ಯಾಮೆರಾದ ಮೇಲೆ ಒಂದು ಅಂಗುಲ ಬಿಟ್ಟು, ಎರಡೂ ಪಕ್ಕಕ್ಕೆ ಇಳಿಬೀಳುವಂತೆ ಗೋಡೆಗೆ ಬಿಗಿಯಬೇಕು. ತಗಡು ತಾನು ಕಾದರೂ ಸಂದಿನಲ್ಲಿ ಹರಿಯುವ ಗಾಳಿ ಆ ಶಾಖದ ಬಹುಭಾಗವನ್ನು ಒಯ್ಯುತ್ತದೆ. ಬಟ್ಟೆಯನ್ನೋ ಗೋಣಿಯನ್ನೋ ಸುತ್ತುವುದು ಮಾತ್ರ ಜ್ವರ ಬಂದವನಿಗೆ ಕಂಬಳಿ ಹೊದಿಸಿದಂತೆ.

ದ್ರಾಕ್ಷಿ ಒಣಗುವ ಕಾಲವೂ ಬಿಸಿಲು ಏರುವ ಕಾಲವೂ ಒಂದೇ. ವರ್ಷದ ದುಡಿಮೆಯೆಲ್ಲ ಶೆಡ್ಡಿನೊಳಗಿರುವಾಗ ಕ್ಯಾಮೆರಾ ಕೈಕೊಡಬಾರದು. ತೋಟದಲ್ಲಿ ಸೌರಫಲಕದ ಕ್ಯಾಮೆರಾ ಇಟ್ಟವರು ಇನ್ನೊಂದನ್ನು ಗಮನಿಸಬೇಕು. ಅದರೊಳಗಿನ ಲಿಥಿಯಂ ಬ್ಯಾಟರಿಗೆ 45 ಡಿಗ್ರಿ ಮೀರಿದ ಮೇಲೆ ವಿದ್ಯುತ್ತು ತುಂಬುವುದು ಸಾಮಾನ್ಯವಾಗಿ ಹಾನಿಕರ. ಫಲಕಕ್ಕೆ ಬಿಸಿಲು ಬೇಕೆಂದು ಕ್ಯಾಮೆರಾವನ್ನೂ ಬಿಸಿಲಿಗೆ ಒಡ್ಡಬಾರದು. ತಂತಿಯಿಂದ ಜೋಡಿಸಿ ಫಲಕವನ್ನು ಮೇಲೆ, ಕ್ಯಾಮೆರಾವನ್ನು ನೆರಳಿನಲ್ಲಿ ಇರಿಸಬಹುದು.

ಬಬಲೇಶ್ವರದ ಕಡೆ ಎರೆಹೊಲಗಳ ನಡುವೆ ಇರುವವರಿಗೆ ಧೂಳಿನ ಕಾಟ ಬೇರೆ. ಎರೆಯ ಧೂಳು ಕುಳಿತ ಬಿಳಿಯ ಕವಚ ಬಿಸಿಲಿನ ಲೆಕ್ಕದಲ್ಲಿ ಬಿಳಿಯದಲ್ಲ. ಹದಿನೈದು ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಒದ್ದೆ ಬಟ್ಟೆಯಿಂದ ಒರಸಬೇಕು. ತಗಡಿನ ಕೊಟ್ಟಿಗೆಯಾದರೆ ಕ್ಯಾಮೆರಾವನ್ನು ತಗಡಿಗೇ ಬಿಗಿಯದೆ ನಡುವೆ ಮರದ ತುಂಡನ್ನಿಟ್ಟು, ಒಂದು ಗೇಣಾದರೂ ಕೆಳಗೆ ಇಳಿಸಬೇಕು. ಮನೆಯೊಳಗಿನ ರೆಕಾರ್ಡರನ್ನು ಬೀರುವಿನಲ್ಲಿ ಮುಚ್ಚಿಡಬಾರದು. ಕ್ಷಣಕ್ಕೆ 25 ಚಿತ್ರಗಳ ಬದಲು 15 ಸಾಕೆಂದು ಹೊಂದಿಸಿದರೆ ಶಾಖ ಕೊಂಚ ತಗ್ಗೀತು. ನೆರಳಿನ ಮುಂದೆ ಅದು ಅಲ್ಪ ಲಾಭ.

ಕಾದ ಕ್ಯಾಮೆರಾಕ್ಕೆ ತಣ್ಣೀರು ಎರಚುವವರೂ ಇದ್ದಾರೆ. ಒಳಗಿನ ಬಿಸಿಗಾಳಿ ತಟ್ಟನೆ ಕುಗ್ಗಿದಾಗ, ಮುದ್ರೆ ಸಡಿಲಿದ ಕಡೆಯಿಂದ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಜೂನ್ ತಿಂಗಳ ಮೊದಲ ಮಳೆಯಲ್ಲಿ ಗಾಜಿನ ಒಳಮೈ ಮಸುಕಾಗಿರುವುದು ಕಂಡುಬಂದರೆ ಮುದ್ರೆಯನ್ನು ಕೂಡಲೇ ಬದಲಿಸಬೇಕು.