ಕಾದಂಬರಿಯ ನಾಯಿಕೆ: ಓದಬೇಕಾದ ಬಗೆ

ಕಾವ್ಯದಲ್ಲಿ ಸ್ತ್ರೀಪಾತ್ರದ ಸ್ಥಾನವೇನೆಂಬ ಜಿಜ್ಞಾಸೆ ನಮ್ಮವರಿಗೆ ಹೊಸದಲ್ಲ. ಭರತಮುನಿಯಿಂದ ಮೊದಲ್ಗೊಂಡು ಲಾಕ್ಷಣಿಕರು ನಾಯಿಕೆಯನ್ನು ಸೂಕ್ಷ್ಮವಾಗಿ ವಿಂಗಡಿಸಿದ್ದಾರೆ. ಸ್ವೀಯಾ, ಪರಕೀಯಾ, ಸಾಮಾನ್ಯಾ ಎಂಬ ಮೂರು ಭೇದಗಳು. ಸ್ವಾಧೀನಪತಿಕೆ, ಖಂಡಿತೆ, ಪ್ರೋಷಿತಭರ್ತೃಕೆ ಮೊದಲಾದ ಎಂಟು ಅವಸ್ಥೆಗಳು. ರಸದೃಷ್ಟಿಯಿಂದ ಈ ವಿಂಗಡಣೆ ಅಮೂಲ್ಯವಾದುದು. ಆದರೆ ಇಲ್ಲಿ ನಾಯಿಕೆಯ ಸ್ವರೂಪವು ನಾಯಕನೊಡನೆ ಅವಳಿಗಿರುವ ಸಂಬಂಧದಿಂದಲೇ ನಿರ್ಣಯವಾಗುತ್ತದೆ. ಅವಳು ತಾನಾಗಿ ಏನನ್ನು ನಿಶ್ಚಯಿಸಿದಳೆಂಬ ಪ್ರಶ್ನೆಗೆ ಎಡೆ ಕಡಿಮೆ.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿಯೂ ಇಂಥದೊಂದು ಕಟ್ಟಳೆ ಇದ್ದಿತು. ಕವೆಂಟ್ರಿ ಪ್ಯಾಟ್‌ಮೋರ್ ಕವಿಯು 1854ರಲ್ಲಿ ಪ್ರಕಟಿಸತೊಡಗಿದ ಕಾವ್ಯದ ಹೆಸರಿನಿಂದ ‘ಮನೆಯ ದೇವತೆ’ ಎಂಬ ಆದರ್ಶವು ರೂಢಿಗೆ ಬಂದಿತು. ಈ ಅಚ್ಚಿಗೆ ಒಗ್ಗದವಳು ಪತಿತೆ, ಇಲ್ಲವೆ ಹುಚ್ಚಿ. 1979ರಲ್ಲಿ ಸಾಂಡ್ರಾ ಗಿಲ್ಬರ್ಟ್ ಮತ್ತು ಸುಸಾನ್ ಗುಬಾರ್ ಎಂಬ ಅಮೆರಿಕೆಯ ವಿದುಷಿಯರು ತಮ್ಮ ಬೃಹದ್ಗ್ರಂಥದಲ್ಲಿ ಈ ಇಬ್ಬಗೆಯ ಚಿತ್ರಣವನ್ನು ವಿಮರ್ಶಿಸಿದರು. ಅವರಿಗೆ ಮುಖ್ಯ ನಿದರ್ಶನವಾದುದು ಶಾರ್ಲಟ್ ಬ್ರಾಂಟೆಯ ‘ಜೇನ್ ಏರ್’. 1847ರಲ್ಲಿ ಈ ಕಾದಂಬರಿಯು ‘ಕರ್ರರ್ ಬೆಲ್’ ಎಂಬ ಗುಪ್ತನಾಮದಲ್ಲಿ ಪ್ರಕಟವಾಯಿತು.

ಜೇನಳು ಅನಾಥೆ, ಗೃಹಶಿಕ್ಷಕಿ. ವರನಾದ ರಾಚೆಸ್ಟರನಿಗೆ ಮೊದಲ ಹೆಂಡತಿ ಬರ್ಥಾ ಇದ್ದಾಳೆ, ಅವಳನ್ನು ಹುಚ್ಚಿಯೆಂದು ಮನೆಯ ಮೇಲಂತಸ್ತಿನಲ್ಲಿ ಕೂಡಿಹಾಕಲಾಗಿದೆ ಎಂಬುದು ಮದುವೆಯ ದಿನವೇ ಬಯಲಾಗುತ್ತದೆ. ಜೇನಳು ಅವನನ್ನು ಪ್ರೀತಿಸುತ್ತಿದ್ದರೂ ಬರಿಗೈಯಲ್ಲಿ ಹೊರಟುಹೋಗುತ್ತಾಳೆ. ಮುಂದೆ ಚಿಕ್ಕಪ್ಪನಿಂದ ಬಂದ 20,000 ಪೌಂಡುಗಳನ್ನು ಮೂವರು ಬಂಧುಗಳೊಡನೆ ಸಮವಾಗಿ ಹಂಚಿಕೊಂಡು, ತನ್ನದೇ ಆಸ್ತಿಯುಳ್ಳವಳಾಗಿ ಹಿಂದಿರುಗುತ್ತಾಳೆ. ಬರ್ಥಾಳ ಪಾಡು ಬೇರೆ. ಅವಳ ತವರಿನ 30,000 ಪೌಂಡುಗಳು ಗಂಡನ ಪಾಲಾದುವು. ಅವಳ ಕಥೆಯನ್ನು ಹೇಳುವವನೂ ಗಂಡನೇ. ವಿವಾಹಿತೆಗೆ ಸ್ವಂತ ಆಸ್ತಿಯ ಹಕ್ಕನ್ನು ಇಂಗ್ಲೆಂಡಿನ ಕಾನೂನು ಪೂರ್ಣವಾಗಿ ಮನ್ನಿಸಿದುದು 1882ರಲ್ಲಿ. ಜೀನ್ ರೀಸ್ ಎಂಬ ಲೇಖಕಿ 1966ರ ತನ್ನ ಕಾದಂಬರಿಯಲ್ಲಿ ಬರ್ಥಾಳಿಗೆ ಬಾಯಿ ಕೊಟ್ಟಳು.

ಇದೇ ದೃಷ್ಟಿಯಿಂದ ನಮ್ಮ ‘ಇಂದಿರಾಬಾಯಿ’ಯನ್ನು ನೋಡಬಹುದು. ಗುಲ್ವಾಡಿ ವೆಂಕಟರಾಯರ ಈ ಕೃತಿ 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಮಾನ್ಯವಾಗಿದೆ. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ಇಂದಿರೆ ಮನೆ ಬಿಟ್ಟು ಅಮೃತರಾಯರ ಆಶ್ರಯ ಪಡೆದು, ವಿದ್ಯೆ ಕಲಿತು, ಭಾಸ್ಕರರಾಯನನ್ನು ವರಿಸುತ್ತಾಳೆ. ಹೊಸಿಲು ದಾಟಿದ ಹೆಜ್ಜೆ ಅವಳದೇ. ಆದರೆ ಆ ಬಳಿಕ ಅವಳಿಗೆ ದಾರಿ ತೆರೆದವರು ಸುಧಾರಣಾಪ್ರಿಯರಾದ ಹಿರಿಯರು. ಕಥೆಯ ಸಾಫಲ್ಯವೂ ವಿವಾಹದಲ್ಲಿಯೇ. 1856ರ ಕಾಯಿದೆ ವಿಧವಾವಿವಾಹಕ್ಕೆ ಮನ್ನಣೆ ಕೊಟ್ಟಿತಾದರೂ ಮರುಮದುವೆಯಾದವಳಿಗೆ ಮೊದಲ ಗಂಡನ ಆಸ್ತಿಯಲ್ಲಿದ್ದ ಹಕ್ಕನ್ನು ಕಳೆಯಿತು ಎಂಬುದನ್ನೂ ಇಲ್ಲಿ ನೆನೆಯಬೇಕು. ಇದನ್ನು ಗುರುತಿಸಿದರೆ ವೆಂಕಟರಾಯರ ಹಿರಿಮೆಗೆ ಕುಂದಿಲ್ಲ. ಕೃತಿಯ ಆಳ ತಿಳಿಯುತ್ತದೆ.

ಇದು ಪರದೇಶದ ಅಳತೆಗೋಲೆಂದು ಕೆಲವರು ಶಂಕಿಸಬಹುದು. ಆದರೆ ಹನ್ನೆರಡನೆಯ ಶತಮಾನದಲ್ಲಿಯೇ ಅಕ್ಕಮಹಾದೇವಿ ತನ್ನ ಬಾಳನ್ನು ತಾನೇ ನಿಶ್ಚಯಿಸಿ, ತನ್ನ ಮಾತಿನಲ್ಲಿಯೇ ಹೇಳಿದಳು. ವಿಜಯಪುರದಲ್ಲಿ 2003ರಲ್ಲಿ ಸ್ಥಾಪಿತವಾದ ಮಹಿಳಾ ವಿಶ್ವವಿದ್ಯಾಲಯವು ಈಗ ಅವಳ ಹೆಸರನ್ನೇ ಧರಿಸಿದೆ.

ಇನ್ನು ಬೋಧನೆಯ ಮಾತು. ‘ಪಾತ್ರದ ಗುಣಸ್ವಭಾವಗಳನ್ನು ವಿವರಿಸಿರಿ’ ಎಂಬ ಪ್ರಶ್ನೆಗೆ ಸುಶೀಲೆ, ಸಹನಶೀಲೆ, ತ್ಯಾಗಮಯಿ ಎಂದು ಬರೆದರೆ ಅಂಕಗಳು ಬರುತ್ತವೆ. ಪಾತ್ರ ಮಾತ್ರ ದೂರವೇ ಉಳಿಯುತ್ತದೆ. ಅದರ ಬದಲು ಮೂರು ಪ್ರಶ್ನೆಗಳನ್ನು ಕೇಳಬಹುದು: ಇವಳ ಬಾಳಿನ ನಿರ್ಧಾರ ಯಾರದು? ಇವಳ ಜೀವನಕ್ಕೆ ಯಾರ ಹಣ ಆಧಾರ? ಇವಳ ಕಥೆಯನ್ನು ಹೇಳುವವರು ಯಾರು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಶಾಲೆಗಳಲ್ಲಿ ಕುಳಿತ ಹೆಣ್ಣುಮಕ್ಕಳಿಗೆ ಇವು ಕೇವಲ ಪುಸ್ತಕದ ಪ್ರಶ್ನೆಗಳಲ್ಲ. ಹದಿನೆಂಟು ತುಂಬುವ ಮುನ್ನ ಮದುವೆ ಸಲ್ಲದೆಂದು 2006ರ ಅಧಿನಿಯಮ ವಿಧಿಸಿದ್ದರೂ, ‘ಇನ್ನು ಸಾಲಿ ಸಾಕು’ ಎಂಬ ಮಾತು ಕೆಲವು ಮನೆಗಳಲ್ಲಿ ಇಂದಿಗೂ ನಿಂತಿಲ್ಲ. ಆ ಮಾತು ಬಂದಾಗ, ಜೇನಳನ್ನೂ ಇಂದಿರೆಯನ್ನೂ ಸಹನೆಯ ಮೂರ್ತಿಗಳೆಂದಷ್ಟೇ ಓದಿದ ಬಾಲಿಕೆ ತಲೆ ತಗ್ಗಿಸುವಳು. ಅವರನ್ನು ನಿಶ್ಚಯಿಸಬಲ್ಲ ವ್ಯಕ್ತಿಗಳೆಂದು ಓದಿದವಳು ವಿನಯದಿಂದಲೇ, ಆದರೆ ಸ್ಪಷ್ಟವಾಗಿ, ತನ್ನ ಮಾತನ್ನು ಹೇಳುವಳು. ಸಾಹಿತ್ಯಬೋಧನೆಗೆ ಇದಕ್ಕಿಂತ ಮಿಗಿಲಾದ ಫಲವಿಲ್ಲ.