ಮುತ್ಯಾನ ಚಿತ್ರದ ಸವಾಲು

ಮಸಗುಪ್ಪಿಯ ನಮ್ಮ ಹಳೆ ಮನೆಯಲ್ಲಿ ಮುತ್ಯಾನದೊಂದು ಪೇಸ್ಟಲ್ ಚಿತ್ರ ಇತ್ತು. ಕೆಂಪು ಪಟಗಾ, ಹಣೆ ತುಂಬ ವಿಭೂತಿ, ತುಸು ಎಡಕ್ಕೆ ಹೊರಳಿದ ಮುಖ. 1958ರಲ್ಲಿ ಗೋಕಾಕದ ಡ್ರಾಯಿಂಗ್ ಮಾಸ್ತರರೊಬ್ಬರು ಎದುರಿಗೆ ಕೂಡಿಸಿಕೊಂಡು ಬರೆದದ್ದು. ಆಸ್ತಿ ಹಂಚುವ ವಾಟ್ನಿಯ ಮಾತು ಬಂದಾಗ ಹೊಲ, ಮನೆ, ಬಂಗಾರ ಎಲ್ಲಕ್ಕೂ ಲೆಕ್ಕ ಸಿಕ್ಕಿತು. ಈ ಚಿತ್ರಕ್ಕೆ ಸಿಗಲಿಲ್ಲ. ಪುಣೆಯಲ್ಲಿ ನೌಕರಿಯಲ್ಲಿರುವ ಅಕ್ಕನ ಮಗ ಮೊಬೈಲ್ ತೆಗೆದ. ‘ಮಾಮಾ, ಇಂಥಾದ್ದೊಂದು ಪೇಸ್ಟಲ್ ಚಿತ್ರಕ್ಕ ಆರುನೂರು ಕೋಟಿ ಬಂದೈತಿ ನೋಡ್ರಿ. ಮುಂಬೈದಾಗ ಲಿಲಾವಿಗೆ ಹಾಕೂನು.’

ಹುಡುಗ ಹೇಳಿದ್ದು ಸುಳ್ಳಲ್ಲ. ನಾರ್ವೆಯ ಎಡ್ವರ್ಡ್ ಮುಂಕ್ 1895ರಲ್ಲಿ ಪೇಸ್ಟಲ್‌ನಲ್ಲಿ ಬರೆದ ‘ದಿ ಸ್ಕ್ರೀಮ್’ 2012ರ ಮೇ 2ರಂದು ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ ಹೋದದ್ದು ಸುಮಾರು 11 ಕೋಟಿ 99 ಲಕ್ಷ ಡಾಲರಿಗೆ. ಆದರೆ ಕೊನೆಯ ಕೂಗು ನಿಂತದ್ದು 10 ಕೋಟಿ 70 ಲಕ್ಷಕ್ಕೆ. ಮೇಲಿನ ಒಂದೂಕಾಲು ಕೋಟಿಗೂ ಹೆಚ್ಚು ಡಾಲರು ಹರಾಜು ಸಂಸ್ಥೆಯ ಪಾಲು. ಎಪಿಎಂಸಿಗೆ ಗೋವಿನಜೋಳ ಹಾಕಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಅದು ಅಡತಿ. ವ್ಯತ್ಯಾಸ ಇಷ್ಟೇ, ಚಿತ್ರದ ಹರಾಜಿನಲ್ಲಿ ಅಡತಿ ಎರಡೂ ಕಡೆಯಿಂದ ಹೋಗುತ್ತದೆ, ಕೊಂಡವನಿಂದಲೂ ಮಾರಿದವನಿಂದಲೂ.

ಆ ಚಿತ್ರಕ್ಕೆ ಅಷ್ಟು ಹಣ ಯಾಕೆ ಬಂತು ಎಂಬುದು ಮುಖ್ಯ. ಮುಂಕ್ ಅದೇ ಚಿತ್ರವನ್ನು ನಾಲ್ಕು ಸಲ ಬರೆದಿದ್ದ. ಉಳಿದ ಮೂರು ಓಸ್ಲೋದ ಮ್ಯೂಸಿಯಂಗಳಲ್ಲಿದ್ದವು, ಖಾಸಗಿಯವರ ಕೈಯಲ್ಲಿ ಉಳಿದದ್ದು ಇದೊಂದೇ. ಮಾರಿದ ಪೆಟರ್ ಓಲ್ಸೆನ್‌ನ ತಂದೆ ಮುಂಕ್‌ನ ನೆರೆಯವ, ಅವನ ಚಿತ್ರಗಳನ್ನು ಕೊಂಡವ. ಚಿತ್ರ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದಕ್ಕೆ ದಾಖಲೆ ಇತ್ತು. ನಮ್ಮಲ್ಲಿ ಹೊಲ ಕೊಳ್ಳುವಾಗ ಉತಾರ ನೋಡದೆ ಯಾರಾದರೂ ಇಸಾರ ಕೊಡುತ್ತಾರೆಯೇ? ಅಲ್ಲೂ ಹಾಗೇ.

ಅಳಿಯನ ಸಮಾಧಾನಕ್ಕೆಂದು ಒಂದೆರಡು ಹರಾಜು ಸಂಸ್ಥೆಗಳಿಗೆ ಫೋಟೋ ಕಳಿಸಿದೆವು. ಮುತ್ಯಾನ ಮುಖ ಚಂದ ಇದೆ ಎಂದು ಯಾರೂ ಅನ್ನಲಿಲ್ಲ. ಮೊದಲು ಕೇಳಿದ್ದೇ ಚಿತ್ರದ ಬೆನ್ನಿನ ಫೋಟೋ. ಹಿಂದೆ ಚೀಟಿ ಇದೆಯೇ, ಪ್ರದರ್ಶನದ ಮುದ್ರೆ ಇದೆಯೇ, ಬರೆದವರ ಬಗ್ಗೆ ಪುಸ್ತಕ ಬಂದಿದೆಯೇ, ಕೊಂಡ ಪಾವತಿ ಇದೆಯೇ. ನಮ್ಮದರ ಹಿಂದೆ ಇದ್ದದ್ದು ಹಾರ್ಡ್‌ಬೋರ್ಡು, ಅದರ ಮೇಲೊಂದು ಜೇಡರ ಬಲೆ. ಉತ್ತರ ಮರ್ಯಾದೆಯಿಂದಲೇ ಬಂತು: ಈ ಕಲಾವಿದರ ಚಿತ್ರ ಹಿಂದೆ ಹರಾಜಾದ ದಾಖಲೆ ಇಲ್ಲ, ತೆಗೆದುಕೊಳ್ಳಲಾಗದು. ನನಗೆ ಅದರಲ್ಲಿ ಬೇಸರ ಪಡುವಂಥದ್ದೇನೂ ಕಾಣಲಿಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರದೋ ಕಲಬುರಗಿಯ ಎಸ್.ಎಂ. ಪಂಡಿತರದೋ ರುಜು ಇದ್ದರೆ ಫೋನು ಅವರೇ ಮಾಡುತ್ತಿದ್ದರು. ನಿಮ್ಮ ಮನೆಯಲ್ಲಿ ಬೆಳಗಾವಿಯ ಕೆ.ಬಿ. ಕುಲಕರ್ಣಿಯವರೋ ಧಾರವಾಡದ ಡಿ.ವಿ. ಹಾಲಭಾವಿಯವರೋ ಬರೆದ ಭಾವಚಿತ್ರ ಇದ್ದರೆ, ಮಾರುವ ಮಾತು ಹಾಗಿರಲಿ, ಮೊದಲು ಅದರ ಕಥೆ ಬಲ್ಲ ಹಿರಿಯರಿಂದ ಒಂದು ಕಾಗದ ಬರೆಸಿ ರುಜು ಹಾಕಿಸಿಟ್ಟುಕೊಳ್ಳಿ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ನಮ್ಮ ಕಡೆಯ ಹಳೆ ಮನೆಗಳ ‘ಬರೆದ ಚಿತ್ರ’ಗಳಲ್ಲಿ ಬಹಳಷ್ಟು ಬರೆದವಲ್ಲ, ಫೋಟೋ ದೊಡ್ಡದು ಮಾಡಿಸಿ ಮೇಲೆ ಬಣ್ಣ ಹಚ್ಚಿದವು. ಭೂತಗನ್ನಡಿ ಹಿಡಿದರೆ ಅಂಥದ್ದರಲ್ಲಿ ಕಣ್ಣಿನ ಸುತ್ತ ಬಣ್ಣ, ಅದರ ಕೆಳಗೆ ನುಣ್ಣನೆಯ ಫೋಟೋ. ಮುತ್ಯಾನ ಚಿತ್ರದಲ್ಲಿ ಬೇರೆಯೇ ಕಂಡಿತು. ಕಾಗದದ ತರಿತರಿ ಮೈಯ ಉಬ್ಬಿನ ಮೇಲೆಲ್ಲ ಬಣ್ಣದ ಪುಡಿ ಕೂತಿತ್ತು, ತಗ್ಗಿನಲ್ಲಿ ಕಾಗದ ಹಾಗೇ ಖಾಲಿ. ಮೀಸೆಯ ಕೊನೆಯಲ್ಲಿ ಮಾಸ್ತರರು ಬೆರಳಿನಿಂದ ಉಜ್ಜಿದ ಗುರುತು, ಪಟಗಾದ ಒಂದು ಮಡಿಕೆಗೆ ಎಳೆದ ನೀಲಿ ಗೆರೆ. ಮಾಸ್ತರರ ಕೈ ಒಳ್ಳೆಯದಿತ್ತು, ಅದರಲ್ಲಿ ಅನುಮಾನವಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಯಾರೋ ಒಪ್ಪಿಕೊಂಡು ಚಿತ್ರ ಒಂದು ಲಕ್ಷಕ್ಕೆ ಹೋಯಿತು ಎಂದೇ ಇಟ್ಟುಕೊಳ್ಳಿ. ಕೊಂಡವನು ಮೇಲೆ ಶೇ 20ರ ಆಸುಪಾಸು ಸಂಸ್ಥೆಗೆ ಕೊಡಬೇಕು, ಅಂದರೆ 1,20,000, ಜೊತೆಗೆ ಜಿಎಸ್‌ಟಿ. ಕೈಯಿಂದ ಬರೆದ ಚಿತ್ರ, ಪೇಸ್ಟಲ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿದೆ ಎಂಬುದೊಂದು ಸಮಾಧಾನ. ಮಾರುವವನ ಕಮಿಷನ್ ಮಾತಾಡಿಕೊಂಡಂತೆ. ಶೇ 10 ಎಂದರೂ 10,000, ಅದರ ಮೇಲೆ ಶೇ 18ರಂತೆ 1,800. ಗಾಜಿನ ಚೌಕಟ್ಟಿನ ಚಿತ್ರವನ್ನು ಪೆಟ್ಟಿಗೆ ಕಟ್ಟಿಸಿ, ವಿಮೆ ಮಾಡಿಸಿ ಮುಂಬೈಗೆ ಮುಟ್ಟಿಸಲು 8,000 ಹಿಡಿಯಿರಿ. ಕೈಗೆ ಬರುವುದು 80,200. ಕೊಟ್ಟವನ ಕಿಸೆಗೂ ಪಡೆದವನ ಕಿಸೆಗೂ ನಡುವೆ ನಲವತ್ತು ಸಾವಿರ ಸೋರಿತು.

ತೆರಿಗೆ ಇನ್ನೂ ಉಳಿದಿದೆ. ಮನೆಯ ಮಂಚ, ಕುರ್ಚಿ ಮಾರಿದರೆ ಆದಾಯ ತೆರಿಗೆಯವರು ಕೇಳುವುದಿಲ್ಲ, ಚಿತ್ರ ಮಾರಿದರೆ ಕೇಳುತ್ತಾರೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದರೆ ಲಾಭದ ಮೇಲೆ ಶೇ 12.5, ಹಣದುಬ್ಬರದ ಹೊಂದಾಣಿಕೆ 2024ರ ಜುಲೈ 23ರಿಂದ ಇಲ್ಲ. ಹಿರಿಯರಿಂದ ಬಂದ ಹಳೆಯ ಚಿತ್ರಕ್ಕೆ 2001ರ ಏಪ್ರಿಲ್ 1ರಂದು ಇದ್ದ ಮಾರುಕಟ್ಟೆ ಬೆಲೆಯನ್ನು ಮೂಲ ಬೆಲೆಯಾಗಿ ಹಿಡಿಯಬಹುದು, ಆದರೆ ಅದನ್ನು ಬರೆದು ಕೊಡಲು ಮೌಲ್ಯಮಾಪಕರು ಬೇಕು, ಅವರಿಗೆ ಫೀ ಬೇಕು. ಚಿತ್ರ ನೂರು ವರ್ಷ ದಾಟಿದ್ದರೆ ಮಾತೇ ಬೇರೆ: 1972ರ ಪುರಾವಸ್ತು ಕಾಯ್ದೆ ಬರುತ್ತದೆ, ದೇಶದ ಆಚೆ ಮಾರುವ ಹಾಗಿಲ್ಲ.

ಅಳಿಯನಿಗೆ ಇಷ್ಟು ಹೇಳುವಷ್ಟರಲ್ಲಿ ಅವನ ಉತ್ಸಾಹ ಇಳಿದಿತ್ತು. ನನಗೆ ಮಾತ್ರ ಮಾರಾಟಕ್ಕಿಂತ ಚಿತ್ರದ ಜೀವದ್ದೇ ಚಿಂತೆ. ಪೇಸ್ಟಲ್ ಅಂದರೆ ಕಾಗದಕ್ಕೆ ಹಿಡಿದುಕೊಂಡ ಪುಡಿ, ಅಷ್ಟೇ. ಗಾಜು ನೇರ ಅದಕ್ಕೆ ತಾಗಿದರೆ ಬಣ್ಣ ಗಾಜಿಗೆ ಹತ್ತುತ್ತದೆ. ಥಂಡಿ ಹಿಡಿದರೆ ಬೂಸ್ಟು. ನಮ್ಮದು ಘಟಪ್ರಭೆಯ ದಂಡೆಯ ಊರು. 2019ರ ಆಗಸ್ಟ್‌ನ ಮಹಾಪೂರದಲ್ಲಿ ಮನೆ ಬಿಟ್ಟು ಹೊರಟಾಗ ಸಣ್ಣತ್ತಿ ಈ ಚಿತ್ರವನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಟ್ರ್ಯಾಕ್ಟರಿಗೆ ಏರಿಸಿದ್ದಳು. ಎಡ ಮೂಲೆಯ ಕಂದು ಚುಕ್ಕೆಗಳು ಆಗಿನವು. ಗಾಜು ಮತ್ತು ಕಾಗದದ ನಡುವೆ ರಟ್ಟಿನ ಅಂಚು ಕೊಡಿಸಿ, ಹಿಂದಿನ ಹಾರ್ಡ್‌ಬೋರ್ಡು ತೆಗೆಸಿ ಹೊಸ ಚೌಕಟ್ಟು ಹಾಕಿಸಿದೆ. ಗೋಂದು ಹಚ್ಚಿ ಪ್ಲೈವುಡ್ಡಿಗೆ ಅಂಟಿಸುತ್ತೇನೆ ಎಂದವನ ಅಂಗಡಿಯಿಂದ ಮಾತ್ರ ಎದ್ದು ಬಂದೆ.

ಕೊನೆಗೆ ಲಿಲಾವು ಆಯಿತು, ನಮ್ಮ ಪಡಸಾಲೆಯಲ್ಲೇ. ಪಾಲು ಮಾಡಲಾಗದ ವಸ್ತುವಿಗೆ ಮನೆಯವರೇ ಸವಾಲು ಹಚ್ಚುವುದು ನಮ್ಮಲ್ಲಿ ಹಳೆಯ ರೂಢಿ: ಹೆಚ್ಚು ಕೂಗಿದವರು ವಸ್ತು ಒಯ್ಯಬೇಕು, ಉಳಿದವರ ಪಾಲಿನ ರೊಕ್ಕ ಕೊಡಬೇಕು. ಅಡತಿ ಇಲ್ಲ, ಜಿಎಸ್‌ಟಿ ಇಲ್ಲ. ಅವಿಭಕ್ತ ಕುಟುಂಬದ ವಾಟ್ನಿಯಲ್ಲಿ ಆಸ್ತಿ ಹಂಚಿದ್ದನ್ನು ಆದಾಯ ತೆರಿಗೆಯ ಕಾನೂನು ಮಾರಾಟವೆಂದು ಹಿಡಿಯುವುದೂ ಇಲ್ಲ. ಐದು ಸಾವಿರಕ್ಕೆ ಶುರುವಾದದ್ದು ಹತ್ತು ದಾಟಿತು. ಹದಿನೈದರ ಹೊತ್ತಿಗೆ ಕಾಕಾ ಸುಮ್ಮನಾದ, ಹದಿನೆಂಟಕ್ಕೆ ನಾನು. ‘ಇಪ್ಪತ್ತೊಂದು’ ಅಂದಳು ಸಣ್ಣತ್ತಿ. ಅಳಿಯ ಬಾಯಿ ತೆರೆಯಲು ಹೋದಾಗ ಅವನ ಕಡೆ ಒಂದು ಸಲ ನೋಡಿದಳು, ಅವನು ಅಲ್ಲಿಗೇ ನಿಂತ. ವಾಟ್ನಿ ಪತ್ರದಲ್ಲಿ ಚಿತ್ರ, ಮಾಸ್ತರರ ಹೆಸರು, ಇಸವಿ, ಮೊತ್ತ ಎಲ್ಲ ಬರೆಸಿದೆ. ಮುಂದೆ ಯಾರಾದರೂ ಬೆನ್ನಿನ ಕಾಗದ ಕೇಳಿದರೆ ಅದಾದರೂ ಇರಲಿ ಎಂದು.

ರೊಕ್ಕ ಎಲ್ಲಿ ಎಂದು ಕಾಕಾ ಕೇಳಿದ್ದಕ್ಕೆ ಸಣ್ಣತ್ತಿ, ‘ಕಬ್ಬಿನ ಬಿಲ್ಲ ಬರಲೆಪಾ, ಕೊಡತೇನಿ’ ಅಂದು ಚಿತ್ರ ಹೊತ್ತುಕೊಂಡು ಹೋದಳು. ಬಿಲ್ಲು ಇನ್ನೂ ಬಂದಿಲ್ಲ.